ಇಳಿಯುತ್ತದೆ, ಹತ್ತುವುದಿಲ್ಲ

"ಹಲೋ... ಯಾರು?... ಗಾಳಿಯ ಸದ್ದೇ ಕೇಳಿಸ್ತಿದೆ. ಜೋರಾಗಿ ಹೇಳಿ, ಯಾರು ಮಾತಾಡ್ತಿರೋದು?"

...

"ಹಾಂ, ಪ್ರಜ್ಞೇಶ. ಶೋರೂಮಿನ ಪ್ರಜ್ಞೇಶ. ಬೆಳಿಗ್ಗೆ ನಮ್ಮ ಅಂಗಳದಿಂದಲೇ ಹೊರಟವನು, ಅಲ್ವಾ? ಮಡಿಕೇರಿ ತಲುಪಿದೆಯಾ?"

ಮೊಣ್ಣಪ್ಪನವರ ದನಿಯಲ್ಲಿ ಏರಿಳಿತವಿರಲಿಲ್ಲ. ಸಂಪಾಜೆಯ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಅವರಿಗೆ, ಉತ್ತರ ಗೊತ್ತಿದ್ದೂ ಪ್ರಶ್ನೆ ಕೇಳುವುದು ಹಳೆಯ ಅಭ್ಯಾಸ. ಹಳೆಯ ಶಿಷ್ಯರ ಜೊತೆ ಅವರು ಮನೆಮಾತಾದ ಅರೆಭಾಷೆ ಆಡುವವರೂ ಅಲ್ಲ.

...

"ತಲುಪಿಲ್ಲ. ಮತ್ತೆ ಎಲ್ಲಿದ್ದೀಯ?... ಜೋಡುಪಾಲ ದಾಟಿ. ದೊಡ್ಡ ತಿರುವಿನಲ್ಲಿ... ನಿಂತುಹೋಯ್ತು ಅಂತ ಹೇಳಬೇಡ, ಪ್ರಜ್ಞೇಶ. ನೀವು ಹಾಗೆ ಹೇಳೋದಿಲ್ಲ. 'ವಾಹನವು ಸುರಕ್ಷತಾ ವಿಶ್ರಾಂತಿಯಲ್ಲಿದೆ.' ನಿಮ್ಮ ಪುಸ್ತಿಕೆಯಲ್ಲಿ ಹಾಗೇ ಇದೆ. ಅಲ್ವಾ?"

ಅದೇ ವಿದ್ಯುತ್ ಸ್ಕೂಟರು, ಅದೇ ತಿರುವು. ಕಳೆದ ಹುತ್ತರಿ ಹಬ್ಬದ ಸಂಜೆ ಮೊಣ್ಣಪ್ಪನವರು ಹೆಂಡತಿ ಪೂವಮ್ಮನನ್ನು ಹಿಂದೆ ಕೂರಿಸಿಕೊಂಡು ಘಾಟಿ ಹತ್ತಿದ್ದು ಮದೆನಾಡಿನ ಅವಳ ತವರಿಗೆ. ಗದ್ದೆಯಿಂದ ಹೊಸ ಕದಿರು ಬರುವಾಗ ಮನೆಯ ಹೆಣ್ಣು ದೀಪ ಹಿಡಿದು ಬಾಗಿಲಲ್ಲಿ ನಿಲ್ಲಬೇಕು. ಅತ್ತಿಗೆ ತೀರಿಕೊಂಡ ಮೇಲೆ ಆ ದೀಪ ಪೂವಮ್ಮನದಾಗಿತ್ತು. ಹಾಸಿಗೆ ಹಿಡಿದಿದ್ದ ಅಣ್ಣ ಬೋಜಪ್ಪ ಅವಳ ದಾರಿಯನ್ನೇ ಕಾಯುತ್ತಿದ್ದರು. ಸ್ಕೂಟರು ತಿರುವಿನಲ್ಲಿ ನಿಂತಿತು. ಶೋರೂಮಿನವರು ಈಗ ಬರುತ್ತಾರೆಂದು ನಂಬಿ ಗಂಡಹೆಂಡತಿ ಮೇಲಕ್ಕೆ ಹೋಗುವ ಬಸ್ಸುಗಳನ್ನೂ ಬಿಟ್ಟರು. ಯಾರೂ ಬರಲಿಲ್ಲ. ಅತ್ತ ಬೋಜಪ್ಪನವರೇ ಎದ್ದು, ಒಂದು ಕೈಯಲ್ಲಿ ಗೋಡೆ, ಇನ್ನೊಂದು ಕೈಯಲ್ಲಿ ದೀಪ ಹಿಡಿದು ನಿಂತರಂತೆ. ಅವರು ಸಂಕ್ರಾಂತಿ ಕಾಣಲಿಲ್ಲ.

...

"ನಿನ್ನ ಸರ್ವಿಸಿನ ಹುಡುಗ ಸುನಿಲ ಎಲ್ಲಿ?... ಇಳಿದು ತಳ್ತಿದ್ದಾನಾ? ಒಳ್ಳೇದು. ಆ ದಿನ ತಳ್ಳಿದ್ದು ಪೂವಮ್ಮ. ಮಾರನೇ ದಿನ ನಿನ್ನ ಸುನಿಲ ಫೋನು ಮಾಡಿ ನನಗೆ ಪಾಠ ಹೇಳಿದ. 'ಹಿಂಬದಿ ಸವಾರರ ದೇಹತೂಕವನ್ನು ಪರಿಗಣಿಸಬೇಕು ಸರ್.' ಇವತ್ತು ಅವನನ್ನೇ ಹಿಂದೆ ಕೂರಿಸಿಕೊಂಡು ಹೋಗಬೇಕು ಅಂತ ನಾನು ಷರತ್ತು ಹಾಕಿದ್ದು ಯಾಕೆ ಅಂತ ಈಗ ತಿಳೀತಾ?"

...

"ಆತಂಕ ಆಗ್ತಿದೆಯಾ? ಅದು ರೇಂಜ್ ಆತಂಕ. ಗಾಡಿಯಲ್ಲಿ ಇರೋದಲ್ಲ, ಸವಾರನ ಮನಸ್ಸಿನಲ್ಲಿ ಇರೋದು. ಹೀಗಂತ ಯಾರು ಹೇಳಿದ್ದು?... ನೆನಪಿಲ್ವಾ?... ನೀನೇ. ನಿನ್ನ ಕುರ್ಚಿಯಲ್ಲಿ ಕೂತು, ನನ್ನನ್ನು ನಿಲ್ಲಿಸಿಕೊಂಡು."

ಆ ದಿನ ದೂರು ಹೇಳಿ ಶೋರೂಮಿನಿಂದ ಹೊರಬಂದ ಮೊಣ್ಣಪ್ಪನವರು ಜಗಳಕ್ಕೆ ಹೋಗಲಿಲ್ಲ. ಸ್ಕೂಟರನ್ನು ಹೆದ್ದಾರಿಯ ಬದಿಯ ತಮ್ಮ ಗೇಟಿಗೆ ಆನಿಸಿ, ಅದರ ಕೊರಳಿಗೆ ಒಂದು ಹಲಗೆ ಕಟ್ಟಿದರು. ಕಪ್ಪು ಬಣ್ಣದಲ್ಲಿ, ವಿಶೇಷಣವಿಲ್ಲದ ಎರಡು ವಾಕ್ಯ: ಇಳಿಯುತ್ತದೆ. ಹತ್ತುವುದಿಲ್ಲ. ಬಸ್ಸಿನವರು ಓದಿದರು, ಪ್ರವಾಸಿಗರು ಅದರ ಪಕ್ಕ ನಿಂತು ಫೋಟೊ ತೆಗೆದರು. ತೋಟದ ಲೆಕ್ಕ ನೋಡುವ ಎಸ್ಟೇಟ್ ರೈಟರ್‌ಗಳಿಗೆಂದು ಪ್ರಜ್ಞೇಶನಿಂದ ಸ್ಕೂಟರು ಕೊಳ್ಳಲಿದ್ದ ಬೆಳೆಗಾರರ ಸಂಘದ ಅಧ್ಯಕ್ಷ ಚೆನ್ನಯ್ಯನವರೂ ಓದಿದರು. ಆ ಗಾಡಿಯನ್ನೇ ಸಂಪಾಜೆಯಿಂದ ಮಡಿಕೇರಿಗೆ ಓಡಿಸಿಕೊಂಡು ಬಾ, ಆಮೇಲೆ ವ್ಯಾಪಾರದ ಮಾತು ಎಂದರು. ಇವತ್ತು ಸಂಘದವರೆಲ್ಲ ಶೋರೂಮಿನಲ್ಲಿ ಕಾದು ಕೂತಿದ್ದಾರೆ.

...

"ಕೂಗಾಡಬೇಡ. ಒಂದು ಮಾತು ಕೇಳ್ತೇನೆ. ಒಂದು ಚಾರ್ಜಿಗೆ ನೂರು ಕಿಲೋಮೀಟರು ಅಂತ ಬರೆಸಿದೆಯಲ್ಲ, ಅದನ್ನು ಅಳೆದದ್ದು ಎಲ್ಲಿ?... ಮಡಿಕೇರಿಯಿಂದ ಕುಶಾಲನಗರಕ್ಕೆ. ಅದು ಇಳಿಜಾರು, ಅಲ್ವಾ? ಇಳಿದದ್ದನ್ನು ಅಳೆದು, ಹತ್ತುವುದೂ ಅಷ್ಟೇ ಅಂದುಕೊಂಡೆ. ವಾಪಸು ಹೇಗೆ ಬಂದೆ?... ಕೇಳಿಸಲಿಲ್ಲ... ಗಟ್ಟಿಯಾಗಿ ಹೇಳು... ಪಿಕಪ್ಪಿನಲ್ಲಿ. ಸ್ಕೂಟರನ್ನು ಹಿಂದೆ ಹಾಕಿಕೊಂಡು."

ಮೊಣ್ಣಪ್ಪನವರು ಅಂಗಿಯ ತೋಳನ್ನು ಮೇಲಕ್ಕೆ ಸರಿಸಿಕೊಂಡರು. ತರಗತಿಯಲ್ಲಿ ಬೆತ್ತ ಎತ್ತುವ ಮುಂಚೆ ಅವರು ಹೀಗೆಯೇ ತೋಳು ಸರಿಸಿಕೊಳ್ಳುತ್ತಿದ್ದರು.

"ಏಳನೇ ತರಗತಿಯಲ್ಲಿ ದೋಣಿಯ ಲೆಕ್ಕ ಕೊಟ್ಟಿದ್ದೆ. ಹೊಳೆಯ ಜೊತೆ ಹೋಗುವ ದೋಣಿ, ಹೊಳೆಗೆ ಎದುರಾಗಿ ಬರುವ ದೋಣಿ. ಎರಡಕ್ಕೂ ಒಂದೇ ವೇಗ ಅಂತ ಬರೆದಿದ್ದೆ ನೀನು. ನಾನು ಸೊನ್ನೆ ಕೊಟ್ಟೆ. ಅದೇ ಉತ್ತರಕ್ಕೆ ಬಣ್ಣದ ಕಾಗದ ಸುತ್ತಿ ನನಗೇ ಮಾರಿದೆ."

...

"ಇಲ್ಲ. ಗಾಡಿಯ ಮೇಲೆ ನನಗೆ ಕೋಪವಿಲ್ಲ. ಪಾಪ, ಅದು ತನ್ನ ಶಕ್ತಿ ಇದ್ದಷ್ಟು ಹತ್ತಿದೆ. ಇಷ್ಟೇ ಹತ್ತುತ್ತದೆ ಅಂತ ನೀನು ಮೊದಲೇ ಹೇಳಿದ್ದರೆ, ನಾವು ಬಸ್ಸಿಗೆ ಹೋಗ್ತಿದ್ದೆವು. ಅಷ್ಟೇ."

...

"ಏನು ಬೇಕು ನಿನಗೆ? ನೇರವಾಗಿ ಹೇಳು... ಇಲ್ಲಿ ಬಾಡಿಗೆ ಓಡಿಸುವ ರಾಜುವಿನ ಜೀಪು. ಹಾಂ... ಗಾಡಿಯನ್ನು ಅದಕ್ಕೆ ಹಾಕಿ ಮಡಿಕೇರಿಯ ಹತ್ತಿರ ಇಳಿಸಬೇಕು. ಅಲ್ಲಿಂದ ನೀನು ಶೋರೂಮಿನ ತನಕ ಓಡಿಸಿಕೊಂಡು ಹೋಗ್ತೀಯ, ಚೆನ್ನಯ್ಯನವರು ಹಾರ ಹಾಕ್ತಾರೆ. ಯಾರಿಗೂ ಗೊತ್ತಾಗಬಾರದು. ಹಾಗಲ್ವಾ?... ಆದರೆ ಜೀಪು ಡೀಸೆಲ್ಲಿನದು, ಪ್ರಜ್ಞೇಶ. ಹೊಗೆ ಬಿಡುತ್ತದೆ. 'ಶೂನ್ಯ ಹೊಗೆ, ಶೂನ್ಯ ಸದ್ದು, ಶೂನ್ಯ ಚಿಂತೆ' ಅಂತ ನಿನ್ನ ಅಂಗಿಯ ಬೆನ್ನ ಮೇಲೆ ಬರೆದಿದೆಯಲ್ಲ. ಅಂಗಿಯನ್ನು ಏನು ಮಾಡ್ತೀಯ?"

...

"ಕ್ಷಮೆ ಯಾರನ್ನು ಕೇಳ್ತಿದ್ದೀಯ? ನನ್ನನ್ನಾ? ದೀಪ ಹಿಡಿಯಬೇಕಾಗಿದ್ದದ್ದು ನಾನಲ್ಲ."

...

"ಫೋನಿನ ಚಾರ್ಜೂ ಮುಗೀತಿದೆಯಾ? ಗಾಡಿಯಿಂದಲೇ ತುಂಬಿಸಿಕೋ. ಆ ಸೌಲಭ್ಯ ಇದೆ ಅಂತ ನೀನೇ ತೋರಿಸಿದ್ದೆ... ಏನು? ಪೂವಮ್ಮನಿಗೆ ಕೊಡಬೇಕಾ?"

ಪೂವಮ್ಮ ಜಗಲಿಯಲ್ಲಿ ಕೂತು ಮೊರದಲ್ಲಿ ಕಾಳುಮೆಣಸು ಹಸನು ಮಾಡುತ್ತಿದ್ದಳು. ಬೆಳಿಗ್ಗೆ ಪ್ರಜ್ಞೇಶನಿಗೂ ಸುನಿಲನಿಗೂ ಕಾಫಿ ಕೊಟ್ಟು, ಮಂಜಿದೆ, ಹುಷಾರಾಗಿ ಹೋಗಿ ಎಂದವಳು ಅವಳೇ. ಅವಳು ಕರಗುತ್ತಾಳೆಂದು ಮೊಣ್ಣಪ್ಪನವರಿಗೆ ಗೊತ್ತಿತ್ತು. ಆದರೂ ಕ್ಷಮಿಸುವ ಹಕ್ಕು ಅವಳದು. ಅದನ್ನು ತಡೆಯುವುದು ನ್ಯಾಯವಲ್ಲ.

"ಪೂವೀ, ನಿನ್ನೊಟ್ಟಿಗೆ ಮಾತಾಡೊಕು ಗಡ ಅವಂಗೆ," ಎಂದು ಫೋನು ಚಾಚಿದರು.

ಅವಳು ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು.

"ಹಲೋ... ಹಾಂ, ನಾನೇ... ಅಳಬೇಡಪ್ಪ, ಯಾಕೆ ಅಳ್ತೀಯ?... ಏನಾದ್ರೂ ತಿಂದ್ಯಾ?... ಇಲ್ವಾ. ಮಂಜು ಬಿದ್ದಿದೆಯಾ ಅಲ್ಲಿ?... ಬೀಳ್ತದೆ. ಆ ತಿರುವಿನಲ್ಲಿ ಯಾವಾಗಲೂ ಬೀಳ್ತದೆ. ಎದುರಿಗೆ ಗಾಡಿ ಬಂದರೂ ಬೆಳಕು ಮಾತ್ರ ಕಾಣೋದು."

...

"ಹೌದಪ್ಪ, ರಾಜು ಇಲ್ಲೇ ಇದ್ದಾನೆ. ಗೇಟಿನ ಹತ್ರ. ಜೀಪೂ ಇದೆ."

ಮೊಣ್ಣಪ್ಪನವರು ಮುಖ ತಿರುಗಿಸಿಕೊಂಡರು. ಗೇಟಿನ ಕಂಬಕ್ಕೆ ಒರಗಿಸಿದ್ದ ಹಲಗೆ ಅಲ್ಲಿಂದ ಕಾಣುತ್ತಿತ್ತು. ಇನ್ನು ಅದನ್ನು ಒಲೆಗೆ ಹಾಕಬೇಕಾಗುತ್ತದೆ ಎಂದುಕೊಂಡರು.

"ಅಯ್ಯೋ, ಕಳಿಸ್ತೇನೆ ಅಂತ ನಾನು ಎಲ್ಲಿ ಹೇಳ್ದೆ?... ಕೇಳು, ಕೇಳಪ್ಪ. ಹುತ್ತರಿಯ ದಿನ ಕತ್ತಲೆಯಲ್ಲಿ ನಾನೂ ಅಲ್ಲೇ ನಿಂತಿದ್ದೆ, ನಿಮ್ಮ ನಂಬರಿಗೇ ಫೋನು ಹಚ್ಚಿಕೊಂಡು. ಮದೆನಾಡಿನಲ್ಲಿ ಕದಿರು ತೆಗೆಯುವಾಗ ಕೋವಿ ಹೊಡೆದದ್ದು ಈ ಕಿವಿಗೆ ಕೇಳಿಸ್ತು. ಈ ಇನ್ನೊಂದು ಕಿವಿಯಲ್ಲಿ ನಿಮ್ಮ ಹುಡುಗಿ ಮಾತಾಡ್ತಾನೇ ಇದ್ಲು. ಎಷ್ಟು ಚೆಂದದ ಕನ್ನಡ! ನನಗೆ ಬಾಯಿಪಾಠ ಆಗಿಹೋಗಿದೆ. ಹೇಳ್ಲಾ?"

ಪೂವಮ್ಮ ಬೆನ್ನು ನೆಟ್ಟಗೆ ಮಾಡಿ ಕೂತಳು. ಆಮೇಲೆ ಹೊರಟ ದನಿಯನ್ನು ಮೊಣ್ಣಪ್ಪನವರು ತಮ್ಮ ಮನೆಯಲ್ಲಿ ಎಂದೂ ಕೇಳಿರಲಿಲ್ಲ. ತೆಳ್ಳಗೆ, ಮೃದುವಾಗಿ, ಯಾರಿಗೂ ಸೇರದ ದನಿ.

"ನಿಮ್ಮ ಕರೆ ನಮಗೆ ಅತ್ಯಂತ ಅಮೂಲ್ಯವಾದದ್ದು. ದಯವಿಟ್ಟು ನೀವು ಇರುವ ಸ್ಥಳದಲ್ಲಿಯೇ ಇರಿ. ನಮ್ಮ ಪ್ರತಿನಿಧಿ ಶೀಘ್ರದಲ್ಲೇ ನಿಮ್ಮನ್ನು..."

ಆ ಕಡೆಯ ಫೋನು ಸತ್ತುಹೋಯಿತು.