ವರದಕ್ಕ ತೊಳೆದ ಗಾಯ

ನಗೋರು ಈಗಲೇ ನಕ್ಕು ಮುಗಿಸ್ರಪ್ಪಾ. ನಡುವೆ ಬಾಯಿ ಹಾಕಿದ್ರೆ ಎದ್ದು ಹೋಗ್ತೀನಿ ಅಷ್ಟೇ. ಇದು ನಮ್ಮ ದೊಡ್ಡಪ್ಪನ ಮಗ ಗುರುಮಲ್ಲಣ್ಣನಿಗೆ ಆಗಿದ್ದು. ಐವತ್ತೆಂಟರ ಸುಗ್ಗಿ. ಆಸ್ಪತ್ರೆಯಲ್ಲಿ ಹೆಂಡ್ತಿ ಹತ್ರ ನನ್ನ ಬಿಟ್ಟು, ಗಂಜಿಗೆ ಅಕ್ಕಿ ತರೋಕೆ ಊರಿಗೆ ಹೊರಟಿದ್ದ. ಕೊನೇ ಬಸ್ಸಿಳಿದು ತೊಗರ್ಸಿ ದಾರೀಲಿ ನಡೀತಿದ್ದಾನೆ... ಆಲದಮರದ ಬಾವಿ ಕಡೆಯಿಂದ ಸದ್ದು. ಪಚಕ್... ಪಚಕ್. ಒದ್ದೆ ಬಟ್ಟೆ ಹಿಂಡೋ ಸದ್ದು.

ಅತ್ತಿಗೆ ನೀಲಾಂಬಿಕಳ ಕಾಲಿಗೆ ಕುಡುಗೋಲು ತಾಗಿತ್ತು. ಸಣ್ಣ ಗಾಯ ಕಣ್ರೀ, ಬೇಗ ಮನೆಗೆ ಬರಬೇಕಿತ್ತು. ಆಸ್ಪತ್ರೇಲಿ ಹೊಸಬಾಳೆ ಊರಿನ ವರದಮ್ಮ ಅಂತ, ಗಂಡನ ಆರೈಕೆಗೆ ಬಂದಿದ್ಲು. ದೇವರಂಥಾ ಹೆಂಗಸು. ಯಾರು ನರಳಿದ್ರೂ ಅವಳ ಮನಸ್ಸು ತಡೀತಿರ್ಲಿಲ್ಲ. ಒಂದೇ ಬೋಗುಣಿ, ಒಂದೇ ಬಟ್ಟೆ ಚೂರು ಹಿಡ್ಕೊಂಡು ಮಂಚದಿಂದ ಮಂಚಕ್ಕೆ ಹೋಗಿ ಎಲ್ಲರ ಗಾಯಾನೂ ತೊಳೆಯೋಳು. ಹೆತ್ತಮ್ಮನ ಹಂಗೆ ಮಾಡೋಳಿಗೆ ಬೇಡ ಅನ್ನೋದು ಹೆಂಗೆ? ನಮ್ಮಣ್ಣ ಅತ್ತಿಗೆ ಗಾಯಾನೂ ತೊಳೆಯೋಕೆ ಬಿಟ್ಟ.

ಅತ್ತಿಗೆ ಗಾಯ ಕೀವಾಯ್ತು. ಪೆನ್ಸಿಲಿನ್ ಸೂಜಿ ಮೇಲೆ ಸೂಜಿ... ಜ್ವರ ಇಳೀಲೇ ಇಲ್ಲ. ಡಾಕ್ಟ್ರು ತಲೆ ಚಚ್ಕೊಂಡ್ರು. “ಇದು ನಿಮ್ಮ ಗದ್ದೆಯಿಂದ ಬಂದಿದ್ದಲ್ರೀ, ಇಲ್ಲೇ ಅಂಟಿದ್ದು. ಪೆನ್ಸಿಲಿನ್‌ಗೂ ಬಗ್ಗದ ಹುಳ. ಗಾಯದಿಂದ ಗಾಯಕ್ಕೆ ಕೈಯಲ್ಲೇ ಹೋಗ್ತದೆ. ನಾಳೆಗೂ ಹಿಂಗೇ ಇದ್ರೆ ಕಾಲು ತೆಗೀಬೇಕು. ಇಲ್ಲಾಂದ್ರೆ ಜೀವ ಉಳಿಯಲ್ಲ.”

ಅಷ್ಟೊತ್ತಿಗೆ ವರದಮ್ಮ ಹೋಗಿಬಿಟ್ಟಿದ್ಲು. ಬೆರಳ ಸಂದೀಲಿ ಒಂದು ಬಿರುಕು, ಅದೇ ಕೀವು. ಹೆಣ ಗಾಡಿಗೆ ಎತ್ತಿ ಮಲಗಿಸಿದ್ದು ನಮ್ಮಣ್ಣನೇ.

ಈಗ ಬಾವಿಕಟ್ಟೆ ಮೇಲೆ ಕೂತು ಬ್ಯಾಂಡೇಜ್ ಬಟ್ಟೆ ಹಿಂಡ್ತಿರೋಳು... ಅವಳೇ.

“ತಮ್ಮಾ...” ಪಿಸುದನಿ. “ನೀಲಾಂಬಿಕಂದು ಗಾಯ ತೊಳೀಬೇಕು. ಹೊರಟಿದೀನಿ.”

ಅವಳು ಬದುಕಿದ್ದಾಗ ಆಡದ ಮಾತು ನಮ್ಮಣ್ಣ ಆಗ ಆಡಿದ.

“ಬೇಡ ವರದಕ್ಕಾ... ನನ್ನ ಹೆಂಡ್ತೀನ ಮುಟ್ಟಬೇಡ. ಕಾಲಿಗೆ ಬೀಳ್ತೀನಿ.”

ಪಚಕ್ ಸದ್ದು ನಿಂತುಹೋಯ್ತು. ಬಟ್ಟೆಯಿಂದ ನೀರು ಮಾತ್ರ ತೊಟ್... ತೊಟ್.

“ನನ್ನ ಕೈ ಬೇಡವಾಯ್ತೇನೋ?” ಅಳ್ತಿದ್ದಳಂತೆ ಪಾಪ. “ಆಯ್ತು. ಅವಳನ್ನ ಮುಟ್ಟಲ್ಲ.”

ಓಡಿದ ನೋಡಿ... ಮನೆ ಬಾಗಿಲ ತನಕ ಹಿಂತಿರುಗಲಿಲ್ಲ.

ಬೆಳಿಗ್ಗೆ ಮೊದಲ ಬಸ್ಸಿಗೆ ಆಸ್ಪತ್ರೆಗೆ ಬಂದ. ಅತ್ತಿಗೆ ಮೈ ತಣ್ಣಗಾಗಿತ್ತು, ಜ್ವರ ಬಿಟ್ಟು ಎದ್ದು ಕೂತು ಗಂಜಿ ಕೇಳ್ತಿದ್ಲು. ನಮ್ಮಣ್ಣ ಅಲ್ಲೇ ಗೊಳೋ ಅಂತ ಅತ್ತ. ಆಮೇಲೆ... ಪಕ್ಕದ ಮಂಚ ನೋಡಿದ.

ಅಲ್ಲಿ ಸೊರಬದ ಲೋಕಪ್ಪ. ಕೈಗಾಯ ಮಾಗಿ ಅವತ್ತು ಮನೆಗೆ ಹೊರಡಬೇಕಾದ ಹುಡುಗ. ನಿದ್ದೇಲಿ ಜ್ವರ ಏರಿ ಗಡಗಡ ನಡುಗ್ತಿದ್ದ. ನನಗೆ ಕಣ್ಣು ಹತ್ತಿಬಿಟ್ಟಿತ್ತು, ಆದ್ರೆ ರಾತ್ರಿ ಯಾರೂ ಅವನ ಹತ್ರ ಹೋಗಿಲ್ಲ ಅಂತ ನರ್ಸಮ್ಮ ಆಣೆ ಇಟ್ಲು.

ಅವನ ಬ್ಯಾಂಡೇಜು ನೀರಲ್ಲಿ ಅದ್ದಿ ಕಟ್ಟಿದ ಹಂಗೆ ತೊಯ್ದಿತ್ತು.

ಸುಳ್ಳು ಅನ್ನಬೇಡಿ. ಆ ಮಂಚದ ಕೆಳಗೆ ನಿಂತಿದ್ದ ನೀರು ಒರೆಸಿದೋಳು ನಾನೇ.