ತಣ್ಣೀರಿಗೆ ಮುಂಚೆ

ಹೆಂಡತಿ ತೀರಿಕೊಂಡಳೆಂದು ವೈದ್ಯರು ಹೇಳಿದ ಆ ಬೆಳಗ್ಗೆ, ಮುದುಕರು ಅವಳ ಶಾಲು ಹಿಡಿದು, ದೇಹ ಕೊಡುವುದನ್ನೇ ಕಾಯುತ್ತ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ಬಂಡೆಗೆ ಡ್ರಿಲ್ ಹಿಡಿಯುವವನೊಬ್ಬನೂ ಅವನ ಹೆಂಡತಿಯೂ ಇದ್ದರು. ಡ್ರಿಲ್ಲಿನ ಅದುರಿಗೆ ಬೆರಳುಗಳು ಮರಗಟ್ಟಿವೆಯೇ ಎಂದು ತಿಳಿಯಲು, ಎದುರಿನ ಕೋಣೆಯಲ್ಲಿ ಅವನ ಬೆರಳುಗಳನ್ನು ತಣ್ಣೀರಿನಲ್ಲಿ ಮುಳುಗಿಸಿ, ಅವು ಮತ್ತೆ ಬೆಚ್ಚಗಾಗಲು ಎಷ್ಟು ಹೊತ್ತು ಬೇಕೆಂದು ನೋಡುವವರಿದ್ದರು.

"ಸ್ವಲ್ಪ ಕೈ ಉಜ್ಜಿಕೊಡೇ. ಬೆಚ್ಚಗಿದ್ರೆ ಪಾಸಾಗ್ತೀನಿ."

"ಉಜ್ಜಬಾರದು ಅಂತ ನರ್ಸಮ್ಮ ಹೇಳಿಲ್ವಾ?"

"ಅವರಿಗೇನು? ಬೆರಳು ಬಿಳಿಚಿಕೊಂಡ್ರೆ ನನ್ನ ಕೆಲಸದಿಂದ ತೆಗೀತಾರೆ. ಆಮೇಲೆ ಹೊಟ್ಟೆಗೆ ತಣ್ಣೀರು ಬಟ್ಟೆನೇ ಗತಿ."

"ಕಟ್ಕೊಳ್ಳೋಣ ಬಿಡಿ."

"ತಮಾಷೆ ಅಲ್ಲ ಕಣೇ."

"ನಿನ್ನೆ ಪಾಪು ಕೈ ಹಿಡ್ಕೊಂಡು ರಸ್ತೆ ದಾಟ್ತಿದ್ರಿ. ಅವಳು ಕೈ ಬಿಡಿಸ್ಕೊಂಡು ಓಡಿದ್ದೇ ನಿಮಗೆ ಗೊತ್ತಾಗ್ಲಿಲ್ಲ. ಲಾರಿಯವನು ಬ್ರೇಕ್ ಹಾಕಿದ್ದಕ್ಕೆ ಮಗು ಉಳೀತು."

ಅವನು ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಂಡ. ಆಮೇಲೆ ಮೆಲ್ಲಗೆ, "ಇದೊಂದ್ಸಲ ಉಜ್ಜೇ," ಎಂದ.

"ಮದುವೆಯಾದಾಗಿಂದ ನೀವು ಕೇಳಿದ್ದಕ್ಕೆ ಇಲ್ಲ ಅಂದಿದೀನಾ? ಇವತ್ತು ಅಂತೀನಿ."

ಅವಳು ತನ್ನ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಳು.

"ಕಲ್ಲು ಮನಸ್ಸು ನಿಂದು."

"ಕಲ್ಲು ಕೊರೆಯೋನ ಹೆಂಡ್ತಿ ಅಲ್ವಾ?"

ಒಳಗಿನಿಂದ ಕರೆ ಬಂತು. ಅವಳು ಮೊಣಕೈ ಹಿಡಿದು ಅವನನ್ನು ಎಬ್ಬಿಸಿದಳು, ಬೆರಳು ಮುಟ್ಟಲಿಲ್ಲ. ಅವರ ಹಿಂದೆ ಬಾಗಿಲು ಮುಚ್ಚಿತು.

ಮುದುಕರು ಶಾಲನ್ನು ಎದೆಗೊತ್ತಿಕೊಂಡರು. ನಸುಕಿನಿಂದ ತಮ್ಮ ಹೆಂಡತಿಯ ಕೈಯನ್ನು ಉಜ್ಜಿದ್ದೇ ಉಜ್ಜಿದ್ದು, ಅದು ಬೆಚ್ಚಗಾಗಿರಲಿಲ್ಲ. "ದೇವರೇ, ಇನ್ನು ಆ ಕೈ ನಿನ್ನ ಕೈಯಲ್ಲಿದೆ. ಬೆಚ್ಚಗಿಟ್ಟುಕೋ ತಂದೆ. ಅವಳಿಗೆ ಶಾಂತಿ ಕೊಡು."