ಗೌಡ್ರ ಮನಿಗೆ ಅಕ್ಕಿ ದಾನ ಕೊಡಾಕ ಹೋದದ್ದು

ಅಲ್ಲಲ್ಲ, ಈಗಿನ ಗೌಡ್ರಲ್ಲೋ, ಅವರ ಅಜ್ಜ. ಅವರ ಅಂಗಳದಾಗನ ಆಗಿದ್ದು ಇದು. ನಾ ಆಗ ಲಗ್ನಾಗಿ ಈ ಊರಿಗೆ ಬಂದು ವರ್ಷ ತುಂಬಿದ್ದಿಲ್ಲ, ಹದಿನಾರು ಇರಬೇಕು ನನಗ, ಇಲ್ಲ, ಹದಿನೈದು ಅನ್ನು, ಇರ್ಲಿ. ಬರ್ಮಾದ ಕಡೆ ದೊಡ್ಡ ಯುದ್ಧ ನಡದಿತ್ತು. ನಮಗೇನ್ ಗೊತ್ತು ಬರ್ಮಾ, ನಮಗ ಅಕ್ಕಿಆಲೂರ ಸಂತಿನ ದೂರ. ಆದ್ರ ಯುದ್ಧ ನಮ್ಮ ಒಲಿ ತನಕಾ ಬಂದಿತ್ತು, ತಿಳೀತಿಲ್ಲೋ, ಸೀಮಿಎಣ್ಣಿ ಸಿಗೂದಿಲ್ಲ, ಸಕ್ರಿ ಸಿಗೂದಿಲ್ಲ, ಬೆಳದ ಬತ್ತದಾಗ ಇಷ್ಟು ಅಂತ ಸರಕಾರಕ್ಕ ಅಳೀಬೇಕು, ಅದಕ್ಕ ಲೆವಿ ಅಂತಿದ್ರು. ಲೆವಿ ಸಾಹೇಬ ಊರಿಗೆ ಬಂದ ಅಂದ್ರ ಊರಾಗಿನ ಕಾಳೆಲ್ಲಾ ಮಾಯ ಆಗತಿತ್ತು.

ಸವಣೂರಿಂದ ಖತಿಜಾಬಿ ಅಂತ ಬಳಿಗಾರ್ತಿ ಬರ್ತಿದ್ಲು. ನಮ್ಮತ್ತಿ ನೀಲವ್ವಗೂ ಆಕಿಗೂ ಭಾಳ ಗೆಳೆತನ, ಇಬ್ರೂ ಕೂಡಿದ್ರಂದ್ರ ನಗಿನ ನಗಿ. ಅವತ್ತು ಖತಿಜಾಬಿ ಬಂದಾಕಿ ಬುಟ್ಟಿ ಇಳಿಸಿ ಸುಮ್ಮನ ಕುಂತ್ಲು. ನಮ್ಮತ್ತಿ, "ಯಾಕ ಖತಿಜಾ, ಬಾಯಿಗೆ ಬೀಗ ಹಾಕೇನ?" ಅಂದ್ಲು. ಆಕಿ ಹೇಳಿದ್ಲು, ಮಗ ಫೌಜಿನಾಗ ಅದಾನ, ನಾಕು ತಿಂಗಳಾತು ಕಾಗದ ಇಲ್ಲ, ಮನಿಆರ್ಡರ್ ಇಲ್ಲ, ಸೊಸಿ ಹುಣಸಿ ಚಿಗರು ಕುದಿಸಿ ಮಕ್ಕಳಿಗೆ ಹಾಕಾಕತ್ಯಾಳ. "ನಾ ಒಬ್ಬಾಕಿ ಅಲ್ಲ ನೀಲವ್ವಕ್ಕಾ, ಸವಣೂರಾಗ, ಹುಲಗೂರಾಗ, ತಡಸದಾಗ ಇಂಥಾ ಮನಿ ಎಷ್ಟೋ ಅದಾವ." ನಮ್ಮತ್ತಿ ಎದ್ದಾಕಿನ ಒಂದು ಖಾಲಿ ಚೀಲ ಝಾಡಿಸಿದ್ಲು. "ಗಂಗವ್ವಾ, ತೆಲಿ ಮ್ಯಾಲ ಸೆರಗು ಹೊದಕೋ, ಬೇಡಾಕ ಹೋಗೂಣು" ಅಂದ್ಲು. ಹೊಸಾ ಸೊಸಿ ನಾ, ಊರಾಗ ಬೇಡೂದಂದ್ರ ಹೆಂಗಿರ್ತೈತಿ ಹೇಳ್ರಿ.

ಮನಿಮನಿಗೆ ಹೋದ್ವಿ. ಒಬ್ರು ಮೊರದಾಗ ತಂದ್ರು, ಒಬ್ರು ಉಡ್ಯಾಗ ತಂದ್ರು, ಮಠದ ಅಜ್ಜಾರು ತಮ್ಮ ಜೋಳಿಗಿನ ಬಗ್ಗಿಸಿ ಸುರದ್ರು. ಗೌಡ್ರ ಮನಿಗೆ ಹೋದ್ರ ಗೌಡ್ರು ಮೀಸಿ ಕೆಳಗ ಮಾಡಿ, "ಏನ್ ಹೇಳ್ಲಿ ನೀಲವ್ವಾ, ಲೆವಿಯವರು ಬಳಕೊಂಡು ಹೋದ್ರು, ನಮಗ ಉಣ್ಣಾಕ ಕಾಳಿಲ್ಲ" ಅಂದ್ರು. ಹಂಗ ಹೇಳೂವಾಗ ಅವರ ಹೊಟ್ಟಿ ನೋಡಬೇಕಿತ್ತು ನೀವು, ಅಂಗಿ ಗುಂಡಿ ಹಾಕಾಕ ಬರ್ತಿದ್ದಿಲ್ಲ.

ಮರುದಿನ ಖತಿಜಾಬಿ ಗೌಡಶಾನಿಗೆ ಬಳಿ ಇಡಾಕ ಕುಂತ್ಲು, ನಾನೂ ಮಗ್ಗಲಾಗ ಇದ್ದೆ. ಗೌಡಶಾನಿ ಕೈ ಮೆತ್ತಗ, ದಪ್ಪಗ. ಬಳಿ ಗೆಣ್ಣಿನ ತನಕಾ ಏರಸಿದ್ಲು, ಅಲ್ಲೇ ನಿಲ್ಲಿಸಿದ್ಲು. ಹಿಂದನೂ ಬರೂದಿಲ್ಲ, ಮುಂದನೂ ಹೋಗೂದಿಲ್ಲ. "ಅಲ್ಲಾಡಬ್ಯಾಡ್ರಿ ಗೌಡಶಾನಿ, ಒಡೀತೈತಿ, ಜರಾ ಸಬೂರ ಮಾಡ್ರಿ. ಖರೇನ ನಿಮ್ಮನ್ಯಾಗ ಕಾಳಿಲ್ಲೇನ್ರಿ?" ಗೌಡಶಾನಿ ಒಳ್ಳೆ ಹೆಣಮಗಳು, ಗಂಡನ ಅಂಜಿಕಿ ಅಷ್ಟ. ಅತ್ತಾಗ ಇತ್ತಾಗ ನೋಡಿ, "ಹಗೇವಿನ ಬಾಯಿ ಮ್ಯಾಲ ಎಮ್ಮಿ ಕಟ್ಟ್ಯಾರವಾ" ಅಂದ್ಲು. ಹಗೇವು ಅಂದ್ರ ನೆಲದಾಗ ತೋಡಿದ ಕಾಳಿನ ಕುಣಿ, ನೀವು ನೋಡಿಲ್ಲ. ಖತಿಜಾಬಿ ಬಳಿ ಸರ್ರನ ಏರಸಿಬಿಟ್ಲು.

ನಾ ನಮ್ಮತ್ತಿಗೆ, "ಲೆವಿ ಸಾಹೇಬಗ ಹೇಳೂಣೇನ್ರಿ ಅತ್ತಿ?" ಅಂದೆ. ಆಕಿ ನನ್ನ ಕಿವಿ ಹಿಂಡಿದ್ಲು. "ಚಾಡಿ ಹೇಳೂದು ಬ್ಯಾರೆ, ಚ್ಯಾಷ್ಟಿ ಮಾಡೂದು ಬ್ಯಾರೆ. ಗೌಡ್ರ ಮಗಳನ್ನ ನೋಡಾಕ ಸೋಮಾರ ಹಿರೇಕೆರೂರ ಕಡಿಂದ ಬೀಗರು ಬರಾಕತ್ತಾರ. ಅವತ್ತ ಹೋಗೂಣು" ಅಂದ್ಲು.

ಹೋದ್ವಲ್ಲ, ಏಳು ಮಂದಿ ಹೆಣಮಕ್ಕಳು. ನನ್ನ ತೆಲಿ ಮ್ಯಾಲ ಅಕ್ಕಿ ಬುಟ್ಟಿ, ಅದರ ಮ್ಯಾಲ ಎರಡು ಉಳ್ಳಾಗಡ್ಡಿ, ಒಂದು ಹಳೇ ಸೀರಿ. ಬೀಗರು ಜಮಖಾನಿ ಮ್ಯಾಲ ಕುಂತು ಅವಲಕ್ಕಿ ತಿನ್ನಾಕತ್ತಾರ, ಗೌಡ್ರು ಜರಿ ಪಟಗಾ ಸುತ್ತಿ ತಮ್ಮ ಹೊಲದ ಸುದ್ದಿ ಹೇಳಾಕತ್ತಾರ. ನಮ್ಮತ್ತಿ ಬುಟ್ಟಿ ಗೌಡ್ರ ಮುಂದ ಇಡಿಸಿ ಕೈಮುಗದು ದನಿ ಸಣ್ಣ ಮಾಡಿ ಅಂದ್ಲು, "ಗೌಡ್ರ, ಯುದ್ಧದ ಕಾಲ, ಎಲ್ಲಾರಿಗೂ ತ್ರಾಸ. ನಿಮ್ಮನ್ಯಾಗ ಉಣ್ಣಾಕ ಕಾಳಿಲ್ಲ ಅಂತ ನೀವ ಹೇಳಿದ್ರಿ, ನನಗ ಎರಡು ದಿನ ತುತ್ತು ಇಳೀಲಿಲ್ಲ. ಸಿಪಾಯರ ಮನಿಗೆ ಕೂಡಿಸಿದ್ದರಾಗ ನಿಮಗೂ ಒಂದು ಪಾಲು ತಂದೇವಿ. ನಾಚಬ್ಯಾಡ್ರಿ, ತಗೋರಿ." ಬೀಗರ ಬಾಯಾಗಿನ ಅವಲಕ್ಕಿ ಬಾಯಾಗ ಉಳೀತು. ದೊಡ್ಡ ಬೀಗ ಗೌಡ್ರ ಮಾರಿ ನೋಡ್ತಾನ, ಬುಟ್ಟ್ಯಾಗಿನ ಹಳೇ ಸೀರಿ ನೋಡ್ತಾನ. ನನಗ ನಗಿ ತಡಕೊಳ್ಳಾಕ ಆಗವಲ್ದು, ಸೆರಗು ಬಾಯಾಗ ತುರಕೊಂಡೆ. ಬಾಗಲ ಸಂದ್ಯಾಗ ಗೌಡಶಾನಿ ಬಳಿ ಕಿಣಿಕಿಣಿ ಅನ್ನಾಕತ್ತಿದ್ವು, ಆಕಿನೂ ನಗಾಕತ್ತಿದ್ಲು.

ಗೌಡ್ರು ಕೆಮ್ಮಿದ್ರು. ಮತ್ತ ಕೆಮ್ಮಿದ್ರು. "ಈ ನೀಲವ್ವ ಭಾಳ ಚ್ಯಾಷ್ಟಿ ಹೆಣಮಗಳ್ರಿ ಬೀಗರ," ಅಂದ್ರು, "ಕೊಡ್ತೇನಿ ಅಂತ ಹೇಳಿದ್ದೆ, ಮರತಿದ್ದೆ, ಅದಕ್ಕ ಹಿಂಗ ನೆನಪ ಮಾಡಾಕತ್ಯಾಳ." ಹಿತ್ತಲಕ್ಕ ಮಾರಿ ಮಾಡಿ, "ಯಾರಲೇ ಅಲ್ಲಿ, ಎಮ್ಮಿ ಬಿಚ್ಚಿ ಆ ಕಡೆ ಕಟ್ರಿ" ಅಂದ್ರು. ಐದು ಚೀಲ ಬತ್ತ ಹೊರಗ ಬಂತು, ಐದೋ ಆರೋ. ಅದನ್ನ ನೋಡಿ ದೊಡ್ಡ ಬೀಗಗ ಛಲ ಬಂತು, "ನಮ್ಮ ಕಡೀಂದೂ ಎರಡು ಚೀಲ ಬರ್ಕೋರಿ" ಅಂದ. ಲಗ್ನನೂ ಗಟ್ಟಿ ಆತು.

ಬತ್ತ ಕುಟ್ಟಿ ಅಕ್ಕಿ ಮಾಡಿ ಚಕ್ಕಡಿ ಕಟ್ಟಿಸಿದ್ವಿ. ಸವಣೂರಾಗ ಖತಿಜಾಬಿ ಸೊಸಿ ಅಕ್ಕಿ ಮುಟ್ಟಿ ಮುಟ್ಟಿ ನೋಡಿದ್ಲು, ಆಮ್ಯಾಲ ನಮಗ ಚಾ ಮಾಡಿಕೊಟ್ಲು, ಬೆಲ್ಲ ಇಲ್ಲದ್ದು, ಹಾಲೂ ಇಲ್ಲದ್ದು. ಆದ್ರ ಹುಲಗೂರಾಗ ಶಿವಕ್ಕ ಅನ್ನಾಕಿ ಬಾಗಲಾ ಬಿಟ್ಟು ಸರೀಲಿಲ್ಲ. ನನ್ನಷ್ಟ ವಯಸ್ಸು, ಬಗಲಾಗ ಒಂದು ಕೂಸು. "ನನ್ನ ಗಂಡ ಜೀವಂತ ಅದಾನರಿ. ನಾ ದಾನ ತಗೊಳ್ಳೂದಿಲ್ಲ" ಅಂದ್ಲು. ಆವಾಗ ನನಗ ನಗಿ ಬರಲಿಲ್ಲ ನೋಡ್ರಿ. ನಮ್ಮತ್ತಿ ಚಕ್ಕಡ್ಯಾಗಿಂದ ಇಳದು, "ದಾನ ಅಂತ ಯಾರಂದ್ರು? ನಿನ್ನ ತವರಮನಿಯಿಂದ ಬಂದೈತಿ" ಅಂದ್ಲು. ಶಿವಕ್ಕ, "ನನಗ ತವರಮನಿ ಇಲ್ಲರಿ, ಎಲ್ಲಾರೂ ಪ್ಲೇಗಿಗೆ ಹೋದ್ರು" ಅಂದ್ಲು. ನಮ್ಮತ್ತಿ ಕೂಸಿನ್ನ ಆಕಿ ಬಗಲಾಗಿಂದ ಕಸಗೊಂಡು, "ಹಂಗಾರ ಇವತ್ತಿಂದ ಐತಿ. ಸರಿ ಆ ಕಡೆ, ಎತ್ತು ಬಿಸಲಾಗ ನಿಂತಾವ" ಅಂತ ಬೈದ್ಲು. ಶಿವಕ್ಕ ಅಳ್ತಾನ ನಕ್ಲು, ಸರದ್ಲು.

ಖತಿಜಾಬಿ ಮಗ ಯುದ್ಧ ಮುಗದ ಮ್ಯಾಲ ಕುಂಟಕೊಂತ ಬಂದ. ಶಿವಕ್ಕನ ಗಂಡ ಬರಲಿಲ್ಲ. ಆಕಿ ಸಾಯೂತನಕಾ ವರ್ಷಾ ಪಂಚಮಿಗೆ ತವರಮನಿ ಅಂತ ನಮ್ಮನಿಗೆ ಬರ್ತಿದ್ಲು, ನಿಮ್ಮಪ್ಪ ಸಣ್ಣಾಂವ ಇದ್ದಾಗ ಅತ್ತಿ ಅತ್ತಿ ಅಂತ ಆಕಿ ಸೀರಿ ಹಿಡಕೊಂಡ ತಿರಗತಿದ್ದ. ತಗೊಂಡವರು ತೆಲಿ ಎತ್ತಿ ಉಣ್ಣಬೇಕು, ಹಂಗ ಕೊಡಬೇಕ್ರೆಪಾ. ಏಳ್ರಿ ಇನ್ನ, ನಿಮ್ಮವ್ವ ರೊಟ್ಟಿ ಬಡಿಯೂದು ಮುಗದೈತಿ, ಆರತಾವ.